ಹಗುರವೂ ಆಗಬೇಕು, ಮರುಬಳಕೆಗೂ ಬರಬೇಕು: ವಿಮಾನದ ಊಟದ ಟ್ರಾಲಿ ಹಾಗೆ ಮಾಡಲು ಸಾಧ್ಯವೇ?

ವಿಮಾನದ ಊಟದ ಟ್ರಾಲಿ ವಿನ್ಯಾಸ ಮಾಡುವವರಿಗೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ ಒಂದಿದೆ. "ಟ್ರಾಲಿಯನ್ನು ಹಗುರ ಮಾಡಬಹುದು, ಒಪ್ಪೋಣ. ಆದರೆ ಹಗುರವಾದದ್ದೆಲ್ಲ ನಾರು, ಅಂಟು, ಫೋಮ್ ಬೆರೆತ ಸಾಮಾನು, ಕೊನೆಗೆ ಕಸದ ಗುಂಡಿಗೇ ಹೋಗುತ್ತದೆ. ಎರಡೂ ಒಟ್ಟಿಗೆ ಆಗುವ ಮಾತೇ?"

ಆಗುವ ಮಾತೇ. ಆದರೆ ಹೆಚ್ಚಿನವರು ಉತ್ತರ ಹುಡುಕುವುದು ವಸ್ತುವಿನಲ್ಲಿ: ಯಾವ ಪ್ಲಾಸ್ಟಿಕ್, ಯಾವ ಲೋಹ ಎಂದು. ನನ್ನ ಉತ್ತರ ಇರುವುದು ಜೋಡಣೆಯಲ್ಲಿ. ಟ್ರಾಲಿಯ ಭಾಗಗಳನ್ನು ಹೇಗೆ ಕೂಡಿಸುತ್ತೀರಿ ಎಂಬುದನ್ನು ಮೊದಲ ದಿನವೇ ತೀರ್ಮಾನಿಸಿದರೆ ತೂಕವೂ ಇಳಿಯುತ್ತದೆ, ಮರುಬಳಕೆಯೂ ಆಗುತ್ತದೆ. ಅದನ್ನು ಕೊನೆಗೆ ಬಿಟ್ಟರೆ ಎಷ್ಟು ಒಳ್ಳೆಯ ವಸ್ತು ಹಾಕಿದರೂ ವ್ಯರ್ಥ.

ಹೊರ ಅಳತೆ ನಮ್ಮ ಕೈಯಲ್ಲಿಲ್ಲ ಎಂಬುದನ್ನು ಮೊದಲು ತಿಳಿಯಬೇಕು. ಏರ್ ಫ್ರಾನ್ಸ್, ಲುಫ್ತಾನ್ಸಾ, ಅಲಿಟಾಲಿಯಾ, ಸಬೇನಾ ವಿಮಾನ ಕಂಪನಿಗಳು ಸೇರಿ ಕಟ್ಟಿಕೊಂಡ ಒಕ್ಕೂಟ ಅಟ್ಲಾಸ್. ಕೆಎಲ್‌ಎಂ, ಎಸ್‌ಎಎಸ್, ಸ್ವಿಸ್‌ಏರ್, ಯುಟಿಎ ಸೇರಿದ್ದು ಕೆಎಸ್‌ಎಸ್‌ಯು. ಈ ಎರಡು ಗುಂಪುಗಳು ಹಾಕಿಕೊಟ್ಟ ಅಳತೆಗಳೇ ಇವತ್ತಿಗೂ ವಿಮಾನದ ಗ್ಯಾಲಿಗಳನ್ನು, ಅಂದರೆ ಅಡುಗೆ ಮೂಲೆಗಳನ್ನು, ಆಳುತ್ತಿವೆ. ಅಟ್ಲಾಸ್ ಪೂರ್ಣ ಟ್ರಾಲಿ ಸುಮಾರು 300 ಮಿ.ಮೀ. ಅಗಲ, 810 ಮಿ.ಮೀ. ಉದ್ದ, 1030 ಮಿ.ಮೀ. ಎತ್ತರ. ಅರ್ಧ ಟ್ರಾಲಿಯ ಉದ್ದ ಇದರ ಅರ್ಧ. ಒಳಗೆ ಸಾಮಾನ್ಯವಾಗಿ ಟ್ರೇಗಳಿಗೆ 14 ಮಟ್ಟ. ಟ್ರೇಯ ಅಳತೆಯೂ ಗ್ಯಾಲಿಯ ಗೂಡಿನ ಅಳತೆಯೂ ನಿಗದಿಯಾಗಿರುವುದರಿಂದ ಪಕ್ಕದ ಗೋಡೆಗೆ ಸಿಗುವ ದಪ್ಪ ಬೆರಳೆಣಿಕೆಯ ಮಿಲಿಮೀಟರ್. ಆಕಾರ ಬದಲಿಸಿ ಜಾಣತನ ತೋರಲು ಜಾಗವಿಲ್ಲ.

ಇಷ್ಟಕ್ಕೆ ಇಷ್ಟೊಂದು ತಲೆ ಯಾಕೆ ಕೆಡಿಸಿಕೊಳ್ಳಬೇಕು? ಒಂದು ಲೆಕ್ಕ ನೋಡಿ. ದೂರದ ಹಾರಾಟದಲ್ಲಿ ಹೆಚ್ಚುವರಿ ತೂಕ ಹೊರಲು ಗಂಟೆಗೆ ಆ ತೂಕದ ಸುಮಾರು 3% ಇಂಧನ ಸುಡುತ್ತದೆ ಎಂಬುದು ಈ ಕ್ಷೇತ್ರದ ಒರಟು ಅಂದಾಜು. ದೊಡ್ಡ ವಿಮಾನವೊಂದರಲ್ಲಿ 40 ಟ್ರಾಲಿ, ಪ್ರತಿಯೊಂದರಲ್ಲೂ 6 ಕೆ.ಜಿ. ಉಳಿತಾಯ ಎಂದಿಟ್ಟುಕೊಳ್ಳಿ: 240 ಕೆ.ಜಿ. 10 ಗಂಟೆಯ ಹಾರಾಟಕ್ಕೆ ಸುಮಾರು 72 ಕೆ.ಜಿ. ಇಂಧನ ಉಳಿಯುತ್ತದೆ. ಒಂದು ಕೆ.ಜಿ. ವಿಮಾನ ಇಂಧನ ಉರಿದರೆ 3.16 ಕೆ.ಜಿ. ಇಂಗಾಲದ ಡೈಆಕ್ಸೈಡ್, ಅಂದರೆ ಒಂದೇ ಹಾರಾಟಕ್ಕೆ 225 ಕೆ.ಜಿ.ಗೂ ಮೇಲೆ. ವರ್ಷಗಟ್ಟಲೆ ಹಾರುವ ಟ್ರಾಲಿಗೆ ಇದು ಸಣ್ಣ ಮಾತಲ್ಲ.

ತೂಕ ಎಲ್ಲಿದೆ ಎಂದು ತೂಗಿ ನೋಡೋಣ. ಎರಡು ಪಕ್ಕದ ಗೋಡೆಗಳ ಒಟ್ಟು ವಿಸ್ತೀರ್ಣ ಸುಮಾರು 1.67 ಚದರ ಮೀಟರ್. ಎರಡೂ ಮುಖಕ್ಕೆ 0.5 ಮಿ.ಮೀ. ಅಲ್ಯೂಮಿನಿಯಂ ತಗಡು, ನಡುವೆ 12 ಮಿ.ಮೀ. ಫೋಮ್ ಇದ್ದರೆ ಚದರ ಮೀಟರಿಗೆ 3.4 ಕೆ.ಜಿ., ಎರಡೂ ಗೋಡೆ ಸೇರಿ 5.7 ಕೆ.ಜಿ. ಒಂದು ಮುಖದ ತಗಡಿನಲ್ಲಿ 0.1 ಮಿ.ಮೀ. ಕಡಿಮೆ ಮಾಡಿದರೂ 450 ಗ್ರಾಂ ಹೋಯಿತು. ತಗಡಿನ ಬದಲು ಗಾಜಿನ ನಾರು ಸೇರಿಸಿದ, ಕಾಯಿಸಿದರೆ ಕರಗುವ ಪ್ಲಾಸ್ಟಿಕ್ ಹಾಳೆ ಹಾಕಿದರೆ ಚದರ ಮೀಟರಿಗೆ 2.5 ಕೆ.ಜಿ.; ಒಟ್ಟು ಒಂದೂವರೆ ಕಿಲೋ ಉಳಿತಾಯ.

ಆದರೆ ಇದಕ್ಕಿಂತ ಸುಲಭದ ಉಳಿತಾಯ ಟ್ರೇ ಜಾರುವ ಪಟ್ಟಿಗಳಲ್ಲಿದೆ. 14 ಮಟ್ಟಕ್ಕೆ ಎರಡೂ ಪಕ್ಕ ಸೇರಿ 28 ಪಟ್ಟಿ. ಒಂದೊಂದೂ 30 ಚದರ ಮಿ.ಮೀ. ಅಡ್ಡಕೊಯ್ತದ, 780 ಮಿ.ಮೀ. ಉದ್ದದ ಅಲ್ಯೂಮಿನಿಯಂ ಪಟ್ಟಿಯಾದರೆ ತಲಾ 63 ಗ್ರಾಂ, ಒಟ್ಟು ಒಂದೂಮುಕ್ಕಾಲು ಕಿಲೋ. ಅವುಗಳನ್ನು ರಿವೆಟ್ ಹೊಡೆದು ಕೂರಿಸುವ ಬದಲು ಒಳಗಿನ ಹಾಳೆಯಲ್ಲೇ ಏಣಾಗಿ ಒತ್ತಿ ತೆಗೆದರೆ ಈ ತೂಕ ಬಹುಪಾಲು ಮಾಯ, ಹಾಳೆಯೂ ಗಟ್ಟಿಯಾಗುತ್ತದೆ, ನೂರಾರು ರಿವೆಟ್‌ಗಳೂ ತಪ್ಪುತ್ತವೆ. ಒಂದು ಎಚ್ಚರಿಕೆ: ಏಣು ಮುಗಿಯುವ ತುದಿಯನ್ನು ಥಟ್ಟನೆ ನಿಲ್ಲಿಸಬಾರದು. ಅಲ್ಲೇ ಸೀಳು ಹುಟ್ಟುವುದು. ತುದಿ ನಿಧಾನವಾಗಿ ಚಪ್ಪಟೆಯಾಗುತ್ತ ಹಾಳೆಯೊಳಗೆ ಕರಗಬೇಕು.

ತಳಭಾಗಕ್ಕೆ ಮಾತ್ರ ಕೊನೆಗೆ ಕೈಹಾಕಿ. ಚಕ್ರ, ಬ್ರೇಕ್, ತಳದ ತಟ್ಟೆ ಭಾರವಾಗಿರುವುದು ನಿಜ. ನೋಡಿದ ಕೂಡಲೇ ಅಲ್ಲಿಂದ ಕಡಿಮೆ ಮಾಡೋಣ ಅನ್ನಿಸುತ್ತದೆ. ಅಲ್ಲಿ ಎರಡು ಅಪಾಯಗಳಿವೆ. ಮೊದಲನೆಯದು ಉರುಳುವುದು. ಗುರುತ್ವ ಕೇಂದ್ರ 500 ಮಿ.ಮೀ. ಎತ್ತರದಲ್ಲಿದ್ದು, ನಡುಗೆರೆಯಿಂದ ಚಕ್ರಕ್ಕೆ 120 ಮಿ.ಮೀ. ಇದ್ದರೆ ಟ್ರಾಲಿ ಸುಮಾರು 13.5 ಡಿಗ್ರಿ ವಾಲಿದಾಗ ಉರುಳುತ್ತದೆ. ತಳ ಹಗುರವಾಗಿ ಕೇಂದ್ರ 550ಕ್ಕೆ ಏರಿದರೆ 12.3 ಡಿಗ್ರಿಯೇ ಸಾಕು. ಸೀಟುಗಳ ನಡುವಿನ ಓಣಿಯಲ್ಲಿ ಸೀಟುಗಳೇ ತಡೆಯುತ್ತವೆ; ಲಾರಿಯಿಂದ ವಿಮಾನಕ್ಕೆ ದಾಟಿಸುವ ಹಲಗೆಯ ಮೇಲೆ ತಡೆಯುವವರು ಯಾರೂ ಇಲ್ಲ. ಎರಡನೆಯದು ಬ್ರೇಕು. ಎರಡೂ ತುದಿಯಲ್ಲಿ ಕೆಂಪು ಪೆಡಲ್ ಒತ್ತಿದರೆ ಹಿಡಿಯುತ್ತದೆ, ಹಸಿರು ಒತ್ತಿದರೆ ಬಿಡುತ್ತದೆ. ಎರಡನ್ನೂ ಕೂಡಿಸುವ ಸರಳು ತಳದ ಕೆಳಗೆ ಹಾದುಹೋಗುತ್ತದೆ. ಪೂರ್ತಿ ತುಂಬಿದ ಟ್ರಾಲಿ ನೂರು ಕಿಲೋ ಆಸುಪಾಸು ತೂಗಬಹುದು. ತಳದ ತಟ್ಟೆ ತೆಳುವಾಗಿ ನಡು ಜಗ್ಗಿದರೆ ಸರಳಿನ ಹೊಂದಾಣಿಕೆ ತಪ್ಪುತ್ತದೆ. ಖಾಲಿ ಇದ್ದಾಗ ಸರಿಯಾಗಿ ಹಿಡಿಯುವ ಬ್ರೇಕು ತುಂಬಿದಾಗ ಅರ್ಧಂಬರ್ಧ ಹಿಡಿಯುತ್ತದೆ. ಹಾಗಾಗಿ ಬ್ರೇಕ್ ಪರೀಕ್ಷೆಯನ್ನು ಪೂರ್ತಿ ಭಾರ ಹೇರಿಯೇ ಮಾಡಬೇಕು.

ಇನ್ನು ಬೆಂಕಿ. ಮರುಬಳಕೆಗೆ ಅತ್ಯಂತ ಸುಲಭದ ಪಾಲಿಪ್ರೊಪಿಲೀನ್ ಹಾಕಿಬಿಡಿ ಎನ್ನುವವರಿಗೆ ಉತ್ತರ ಇಲ್ಲಿದೆ. ಅಮೆರಿಕದ ಮತ್ತು ಯುರೋಪಿನ ವಿಮಾನ ನಿಯಮಗಳೆರಡರಲ್ಲೂ 25.853 ಎಂಬ ಒಂದೇ ಸಂಖ್ಯೆಯ ಅಂಶ ಇದನ್ನು ನೋಡಿಕೊಳ್ಳುತ್ತದೆ. 60 ಸೆಕೆಂಡಿನ ಪರೀಕ್ಷೆಯಲ್ಲಿ ನೇತುಹಾಕಿದ ತುಣುಕಿಗೆ ಕೆಳಗಿನಿಂದ ಜ್ವಾಲೆ ಹಿಡಿಯುತ್ತಾರೆ. ಜ್ವಾಲೆ ತೆಗೆದ ಮೇಲೆ ಸರಾಸರಿ 15 ಸೆಕೆಂಡಿನೊಳಗೆ ಆರಬೇಕು, ಸುಟ್ಟ ಉದ್ದ ಸರಾಸರಿ 152 ಮಿ.ಮೀ. ಮೀರಬಾರದು, ಕರಗಿ ಬಿದ್ದ ಹನಿ 3 ಸೆಕೆಂಡಿಗಿಂತ ಹೆಚ್ಚು ಉರಿಯಬಾರದು. ಮಾಮೂಲಿ ಪಾಲಿಪ್ರೊಪಿಲೀನ್ ಉರಿಯುವ ಹನಿಗಳನ್ನು ಸುರಿಸುತ್ತ ಹೋಗುತ್ತದೆ. ಬೆಂಕಿ ತಡೆಯುವ ಪುಡಿಗಳನ್ನು ಬೆರೆಸಬಹುದು. ಆದರೆ ಬ್ರೋಮಿನ್ ಇರುವ ಪುಡಿ ಬೆರೆತರೆ ಮರುಬಳಕೆಯವರು ಆ ಪ್ಲಾಸ್ಟಿಕ್ಕನ್ನು ಮುಟ್ಟಲು ಹಿಂಜರಿಯುತ್ತಾರೆ. ಅಲ್ಲಿಗೆ ಉದ್ದೇಶವೇ ಕೆಟ್ಟಿತು.

ಈ ನಿಯಮದ ಒಂದು ಸೂಕ್ಷ್ಮವನ್ನು ಬಳಸಿಕೊಳ್ಳಬೇಕು. 20 ಅಥವಾ ಹೆಚ್ಚು ಪ್ರಯಾಣಿಕರ ವಿಮಾನಗಳಲ್ಲಿ ಬಿಸಿ ಹೊಮ್ಮುವಿಕೆಯ ಪರೀಕ್ಷೆಯೂ ಇದೆ: ಗರಿಷ್ಠ ದರ ಚದರ ಮೀಟರಿಗೆ 65 ಕಿಲೋವ್ಯಾಟ್, ಮೊದಲ ಎರಡು ನಿಮಿಷದ ಒಟ್ಟು ಮೊತ್ತ 65 ಕಿಲೋವ್ಯಾಟ್-ನಿಮಿಷ. ಜೊತೆಗೆ ಹೊಗೆಯ ಮಿತಿ. ಆದರೆ ಈ ಪರೀಕ್ಷೆ ಗೂಡಿನಲ್ಲಿಟ್ಟ ಟ್ರಾಲಿಯ ಹೊರಗೆ ಕಾಣುವ ಮುಖಕ್ಕೆ ಮಾತ್ರ. ಗೂಡಿನಲ್ಲಿ ನಿಂತಾಗ ಕಾಣುವುದು ಬಾಗಿಲು. ಆದ್ದರಿಂದ ಬಾಗಿಲನ್ನು ಅಲ್ಯೂಮಿನಿಯಂನಲ್ಲೇ ಉಳಿಸಿ, ಪಕ್ಕದ ಗೋಡೆಗಳನ್ನು ಹಗುರದ ಪ್ಲಾಸ್ಟಿಕ್‌ಗೆ ಬಿಡುವುದು ಜಾಣ ಹಂಚಿಕೆ. ಪರೀಕ್ಷೆಗೆ ಕೊಡುವಾಗ ಹಾಳೆ, ಅಂಟು, ಫೋಮ್, ಬಣ್ಣ ಎಲ್ಲ ಸೇರಿದ ನಿಜವಾದ ಗೋಡೆಯನ್ನೇ ಕತ್ತರಿಸಿ ಕೊಡಬೇಕು. ಬಾಗಿಲಿಗೆ ಕಂಪನಿಯ ಚಿತ್ರದ ದೊಡ್ಡ ಸ್ಟಿಕ್ಕರ್ ಅಂಟಿಸುವುದಾದರೆ ಸ್ಟಿಕ್ಕರ್ ಸಮೇತ. ಒಳ್ಳೆಯ ಬಾಗಿಲು ಸ್ಟಿಕ್ಕರಿನಿಂದಾಗಿ ಫೇಲಾಗಬಹುದು.

ಕಸ ಹಾಕುವ ಟ್ರಾಲಿಯದು ಬೇರೆ ಕಥೆ. ಒಳಗೆ ಬೆಂಕಿ ಬಿದ್ದರೆ ಅಲ್ಲೇ ಆರಬೇಕು. ಅದನ್ನು ಆರಿಸುವುದು ಗೋಡೆಯ ದಪ್ಪಕ್ಕಿಂತ ಹೆಚ್ಚಾಗಿ ಗಾಳಿಯ ಕೊರತೆ. ಬಾಗಿಲ ಸಂದು ಬಿಗಿಯಾಗಿದ್ದರೆ ಬೆಂಕಿ ಉಸಿರುಗಟ್ಟಿ ಸಾಯುತ್ತದೆ. ಊಟದ ಟ್ರಾಲಿಗೆ ಡ್ರೈ ಐಸ್ (ಹೆಪ್ಪುಗಟ್ಟಿದ ಇಂಗಾಲದ ಡೈಆಕ್ಸೈಡ್) ಇಟ್ಟರೆ ಇದಕ್ಕೆ ವಿರುದ್ಧ: ಒಂದು ಕಿಲೋದಿಂದ ಸುಮಾರು 540 ಲೀಟರ್ ಅನಿಲ ಹೊರಬರುತ್ತದೆ, ಅದಕ್ಕೆ ದಾರಿ ಬೇಕು. ಎರಡನ್ನೂ ಒಂದೇ ಟ್ರಾಲಿಯಲ್ಲಿ ಮಾಡಹೊರಟರೆ ಎರಡೂ ಕೆಡುತ್ತವೆ.

ಈಗ ಜೋಡಣೆ. ಹಳೆಯ ರೀತಿಯಲ್ಲಿ ಎರಡು ತಗಡುಗಳ ನಡುವೆ ಪಾಲಿಯುರೆಥೇನ್ ಫೋಮ್ ಅಂಟಿ ಕೂತಿರುತ್ತದೆ. ತಗಡು ಅಲ್ಯೂಮಿನಿಯಂ, ಕರಗಿಸಿದರೆ ಅದಿರಿನಿಂದ ತೆಗೆಯುವ ಶಕ್ತಿಯ ಸುಮಾರು 5% ಸಾಕು. ಆದರೆ ಅಂಟಿದ ಫೋಮನ್ನು ಕೆರೆದು ತೆಗೆಯಲು ಯಾರೂ ಕೂರುವುದಿಲ್ಲ. ರಿವೆಟ್‌ಗಳದೂ ಅದೇ ಪಾಡು. ಮಾಮೂಲಿ ಉಕ್ಕಿನ ಚೂರನ್ನು ಅಯಸ್ಕಾಂತ ಎತ್ತಿಕೊಳ್ಳುತ್ತದೆ. 304 ದರ್ಜೆಯ ಸ್ಟೇನ್‌ಲೆಸ್ ಉಕ್ಕಿಗೆ ಅಯಸ್ಕಾಂತ ಅಷ್ಟಾಗಿ ಹಿಡಿಯುವುದಿಲ್ಲ, ಅದು ಅಲ್ಯೂಮಿನಿಯಂ ಜೊತೆಗೇ ಕುಲುಮೆಗೆ ಹೋಗಿ ಇಡೀ ಎರಕವನ್ನು ಕೆಡಿಸುತ್ತದೆ. ರಿವೆಟ್ ಬೇಕೇ ಬೇಕಾದಲ್ಲಿ ಉಕ್ಕಿನ ಮೊಳೆ ಒಳಗೆ ಉಳಿಯದ, ಪೂರ್ತಿ ಅಲ್ಯೂಮಿನಿಯಂ ರಿವೆಟ್ ಹಾಕಿ.

ಬದಲಿ ದಾರಿ: 6063 ದರ್ಜೆಯ ಅಲ್ಯೂಮಿನಿಯಂನ ಚೌಕಟ್ಟು, ಅದರಲ್ಲಿ ತೋಡು, ಆ ತೋಡಿನೊಳಗೆ ಮೇಲಿನಿಂದ ಜಾರಿ ಕೂರುವ ಗೋಡೆ, ಮೂಲೆಗಳಲ್ಲಿ ಸ್ಕ್ರೂ. ಬಿಚ್ಚಲು ಒಂದೇ ಅಳತೆಯ ಅಲೆನ್ ಕೀ. ಕಾಗದದ ಮೇಲೆ ತುಂಬ ಚೆನ್ನಾಗಿ ಕಾಣುತ್ತದೆ. ಮೊದಲ ಮಾದರಿ ಮಾಡಿ ಕೈಯಿಂದ ತಳ್ಳಿದಾಗ ನಿಜ ಗೊತ್ತಾಗುತ್ತದೆ: ಮೇಲ್ಭಾಗ ಒಂದು ಕಡೆ ವಾಲುತ್ತದೆ, ಆಯತ ಓರೆಯಾಗುತ್ತದೆ, ಬಾಗಿಲ ಚಿಲಕ ತನ್ನ ತೂತಿಗೆ ಕೂರುವುದಿಲ್ಲ. ಅಂಟಿಸಿದ ಪೆಟ್ಟಿಗೆ ಗಟ್ಟಿ ಇರುವುದು ಗೋಡೆಯ ನಾಲ್ಕೂ ಅಂಚು ಚೌಕಟ್ಟನ್ನು ಹಿಡಿದು ಓರೆಯಾಗದಂತೆ ತಡೆಯುವುದರಿಂದ. ಜಾರಿ ಕೂತ ಗೋಡೆಗೆ ಅರ್ಧ ಮಿ.ಮೀ. ಸಡಿಲ ಇದ್ದರೂ ಸಾಕು, ಅದು ತುಂಬುವವರೆಗೆ ಗೋಡೆ ಯಾವ ಭಾರವನ್ನೂ ಹೊರುವುದಿಲ್ಲ. ಇದಕ್ಕೆ ಮದ್ದು, ತೋಡನ್ನು ತುಸು ಓರೆಯಾಗಿ ಕೊರೆದು ಮೇಲಿನ ಪಟ್ಟಿಯ ಸ್ಕ್ರೂ ಬಿಗಿದಾಗ ಗೋಡೆ ಬೆಣೆಯಂತೆ ಕಚ್ಚಿಕೊಳ್ಳುವ ಹಾಗೆ ಮಾಡುವುದು. ನಾಲ್ಕು ಮೂಲೆಗೆ ತೆಳು ತ್ರಿಕೋನ ತಟ್ಟೆ ಸೇರಿಸಿದರೆ ಇನ್ನೂ ಭದ್ರ. ತೋಡಿನಲ್ಲಿ ತೊಳೆದ ನೀರು ನಿಲ್ಲುತ್ತದೆ. ಕೆಳ ಮೂಲೆಯಲ್ಲಿ 6 ಮಿ.ಮೀ. ತೂತು ಮರೆಯಬೇಡಿ. ಅದುರಿ ಸ್ಕ್ರೂ ಸಡಿಲವಾಗದಿರಲು, ಕೈಸಾಧನದಿಂದಲೇ ಬಿಚ್ಚಿಕೊಳ್ಳುವ ಬಗೆಯ ಲಾಕಿಂಗ್ ದ್ರವ ಹಾಕಿ. ಶಾಶ್ವತ ಹಿಡಿತದ್ದು ಹಾಕಿದರೆ ಕಾಯಿಸದೆ ಬಿಚ್ಚಲು ಬರುವುದಿಲ್ಲ.

ಗೋಡೆಗೆ ಯಾವ ಪ್ಲಾಸ್ಟಿಕ್? ಪಾಲಿಈಥರ್‌ಇಮೈಡ್ ತಾನಾಗಿಯೇ ಬೆಂಕಿಗೆ ಜಗ್ಗುವುದಿಲ್ಲ, ಪುಡಿ ಬೆರೆಸುವ ಗೋಜಿಲ್ಲ. ಅದರದೇ ಫೋಮ್ ಕೂಡ ಸಿಗುತ್ತದೆ. ಹಾಳೆಯೂ ತಿರುಳೂ ಒಂದೇ ಜಾತಿಯಾದರೆ ಇಡೀ ಗೋಡೆಯನ್ನು ಬಿಡಿಸದೆ ಪುಡಿಮಾಡಿ ಮತ್ತೆ ಕರಗಿಸಬಹುದು. ಅದರ ಶತ್ರು ಕ್ಷಾರ. ಪಿಎಚ್ 9 ದಾಟಿದ ಬಿಸಿ ಸಾಬೂನು ನೀರು ಅದರಲ್ಲಿ ಬಿರುಕು ಬಿಡಿಸಬಲ್ಲದು, ಮತ್ತು ಟ್ರಾಲಿ ತೊಳೆಯುವ ಯಂತ್ರಗಳಲ್ಲಿ ಬಳಸುವುದು ಕ್ಷಾರದ ಸಾಬೂನನ್ನೇ. ಪಾಲಿಫಿನೈಲೀನ್ ಸಲ್ಫೈಡ್‌ಗೆ ಆ ಭಯವಿಲ್ಲ. ಆದರೆ ಅದನ್ನು ಹಾಳೆಗೆ ಬಳಸಿ ತಿರುಳು ಬೇರೆ ಇಟ್ಟರೆ ಒಂದೇ ಜಾತಿಯ ಅನುಕೂಲ ಹೋಯಿತು. ತೊಳೆಯುವ ಸಾಬೂನನ್ನು ಬದಲಿಸಲು ಕೇಟರಿಂಗ್‌ನವರು ಒಪ್ಪಿದರೆ ಮೊದಲನೆಯದು, ಒಪ್ಪದಿದ್ದರೆ ಎರಡನೆಯದು. ಅಲ್ಯೂಮಿನಿಯಂಗೂ ಬಲವಾದ ಕ್ಷಾರ ಆಗದು, ಮೇಲಿನ ರಕ್ಷಣೆಯ ಆನೊಡೈಸ್ ಪದರವನ್ನು ಅದು ತಿಂದುಹಾಕುತ್ತದೆ.

ನೀರಿನ ಪರೀಕ್ಷೆ ಸರಳ. ಹೊಸ ಟ್ರಾಲಿ ತೂಗಿ, 50 ಸಲ ತೊಳೆದು ಒಣಗಿಸಿ, ಮತ್ತೆ ತೂಗಿ. ತೂಕ ಏರಿದ್ದರೆ ತಿರುಳಿಗೆ ನೀರು ಹೊಕ್ಕಿದೆ ಎಂದರ್ಥ. ನಂಬರ್ ಪ್ಲೇಟಿಗೆಂದು ನಂತರ ಕೊರೆದ ಒಂದು ತೂತಿನಿಂದಲೂ ಹೊಗುತ್ತದೆ. ಕಷ್ಟಪಟ್ಟು ಉಳಿಸಿದ ಗ್ರಾಂಗಳು ನೀರಾಗಿ ವಾಪಸ್ ಬಂದು ಕೂರುತ್ತವೆ.

ಕಾರ್ಬನ್ ನಾರು ಯಾಕಿಲ್ಲ ಎಂದೂ ಕೇಳುತ್ತಾರೆ. ಅಲ್ಯೂಮಿನಿಯಂಗೆ ತಾಗಿ ತೇವವಿದ್ದರೆ ಅಲ್ಯೂಮಿನಿಯಂ ತುಕ್ಕು ಹಿಡಿಯುತ್ತದೆ, ನಡುವೆ ಗಾಜಿನ ನಾರಿನ ಪದರ ಬೇಕಾಗುತ್ತದೆ. ಪೆಟ್ಟು ಬಿದ್ದರೆ ತಗಡು ತಗ್ಗಾಗಿ ಕಾಣಿಸುತ್ತದೆ, ಇದು ಒಳಗೊಳಗೇ ಪದರ ಬಿಡುತ್ತದೆ. ಇನ್ನು ರಟ್ಟಿನ ಟ್ರಾಲಿ ಮಾಡಿ ಬಿಸಾಡುವ ಸಲಹೆ: ಯುರೋಪಿನ 1069/2009 ನಿಯಮದ ಪ್ರಕಾರ ಹೊರಗಿನ ದೇಶಗಳಿಂದ ಬಂದ ವಿಮಾನದ ಊಟದ ಕಸ ಮೊದಲ ವರ್ಗದ್ದು, ರೋಗ ಹರಡುವ ಭಯದಿಂದ ಸುಡಬೇಕು ಅಥವಾ ಅನುಮತಿ ಪಡೆದ ಜಾಗದಲ್ಲಿ ಹೂಳಬೇಕು. ಸಾರು ಮೆತ್ತಿದ ರಟ್ಟು ಮರುಬಳಕೆಗೆ ಹೋಗುವ ಮಾತೇ ಇಲ್ಲ. ಹತ್ತಾರು ವರ್ಷ ತೊಳೆದು ಬಳಸುವ ಪೆಟ್ಟಿಗೆಯೇ ಮೇಲು.

ಕೊನೆಯ ಪರೀಕ್ಷೆಗೆ ವಿನ್ಯಾಸದಲ್ಲಿ ಇಲ್ಲದಿದ್ದವರನ್ನು ಕರೆಯಿರಿ. ಒಂದು ಅಲೆನ್ ಕೀ, ನಾಲ್ಕು ಡಬ್ಬಿ ಕೊಡಿ: ಅಲ್ಯೂಮಿನಿಯಂ, ಉಕ್ಕು, ಪ್ಲಾಸ್ಟಿಕ್, ಬೆರಕೆ. ಪ್ಲಾಸ್ಟಿಕ್ ಭಾಗಗಳ ಮೇಲೆ ಯಾವ ಪ್ಲಾಸ್ಟಿಕ್ ಎಂದು ಹೇಳುವ ಐಎಸ್‌ಒ 11469ರ ಗುರುತು ಅಚ್ಚಾಗಿದ್ದರೆ ಅವರು ಯಾರನ್ನೂ ಕೇಳಬೇಕಾಗಿಲ್ಲ. ಮುಗಿದ ಮೇಲೆ ಬೆರಕೆ ಡಬ್ಬಿಯನ್ನು ತೂಗಿ. 18 ಕಿಲೋ ಟ್ರಾಲಿಯಲ್ಲಿ ಅದು ಒಂದು ಕಿಲೋ ಮೀರಿದರೆ ವಿನ್ಯಾಸ ಇನ್ನೂ ಮುಗಿದಿಲ್ಲ. ಒಳ್ಳೆಯ ವಿನ್ಯಾಸದಲ್ಲೂ ಆ ಡಬ್ಬಿಯ ತಳದಲ್ಲಿ ಉಳಿಯುವುದು ಬಾಗಿಲ ರಬ್ಬರ್ ಪಟ್ಟಿ ಮತ್ತು ನೈಲಾನ್ ಚಕ್ರಕ್ಕೆ ಬೆಸೆದ ಪಾಲಿಯುರೆಥೇನ್ ಸುತ್ತು. ಆ ಸುತ್ತನ್ನು ಬೆಸೆಯದೆ, ಹಲ್ಲುಗಳಿಂದ ಕಚ್ಚಿಸಿ ಕೂರಿಸಿದರೆ ಸ್ಕ್ರೂಡ್ರೈವರಿನಿಂದ ಎಬ್ಬಿ ತೆಗೆಯಬಹುದು. ಆದರೆ ಓಡಾಟದಲ್ಲಿ ಅದು ಜರುಗದಂತೆ ಹಲ್ಲುಗಳನ್ನು ಆಳವಾಗಿ ಇಡಬೇಕು, ಆಗ ಚಕ್ರದ ತೂಕ ತುಸು ಏರುತ್ತದೆ. ಆ ಕೆಲವು ಗ್ರಾಂಗಳನ್ನು ನಾನು ಸಂತೋಷದಿಂದ ಕೊಡುತ್ತೇನೆ.