ಹದಿನೈದು ಸೆಂಟಿಮೀಟರ್ ಕೇಬಲ್

ಜುಲೈ ತಿಂಗಳು. ಶಿವಮೊಗ್ಗದಲ್ಲಿ ಮಳೆ ಬಿಟ್ಟಿರಲಿಲ್ಲ. ಲ್ಯಾಬ್‌ನಲ್ಲಿ ಮೂರು ದಿನದಿಂದ ಎರಡು ಅರೇಗಳನ್ನು, ಅಂದರೆ ಒಟ್ಟಿಗೆ ಕೆಲಸ ಮಾಡುವ ಆಂಟೆನಾ ಗುಂಪುಗಳನ್ನು, ಹೋಲಿಸುತ್ತಿದ್ದೆವು. ಒಂದರಲ್ಲಿ ಕಡ್ಡಿಯಂಥ ನಾಲ್ಕು ಡೈಪೋಲ್, ಇನ್ನೊಂದರಲ್ಲಿ ಚಪ್ಪಟೆ ತಗಡಿನಂಥ ನಾಲ್ಕು ಪ್ಯಾಚ್. ಎರಡೂ 434 ಮೆಗಾಹರ್ಟ್ಸ್‌ನವು. ಕುತ್ತಿಗೆಯ ಕ್ಯಾನ್ಸರ್ ಗಡ್ಡೆಯನ್ನು ಈ ಅಲೆಗಳಿಂದ 40ರಿಂದ 44 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿ ಮಾಡಿದರೆ ರೇಡಿಯೇಷನ್ ಚಿಕಿತ್ಸೆ ಹೆಚ್ಚು ಹಿಡಿಯುತ್ತದೆ. ಆದರೆ ಬಿಸಿ ಗಡ್ಡೆಗೇ ತಾಗಬೇಕು.

ಡೈಪೋಲ್ ಅರೇ ಕಟ್ಟಿದ್ದು ನಾನೇ. ಅದೇ ಗೆಲ್ಲಲಿ ಅಂತ ಒಳಗೊಳಗೇ ಆಸೆಯಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಅಗರ್, ಸಕ್ಕರೆ, ಉಪ್ಪು ಹಾಕಿ ಕಾಯಿಸಿದ ಫ್ಯಾಂಟಮ್, ಅಂದರೆ ಕುತ್ತಿಗೆಯ ಬದಲು ಇಡುವ ಮಾದರಿ, ಗಿಣ್ಣಿನ ಹಾಗೆ ಕೂತಿತ್ತು. ಸಕ್ಕರೆಗೆ ಇರುವೆ ಮುತ್ತದಂತೆ ಕಾಯುವುದೇ ಒಂದು ಕೆಲಸ. ಎರಡನೇ ದಿನ ಡೈಪೋಲ್ ಮುಗಿಸಿ ಪ್ಯಾಚ್ ಹಾಕುವಾಗ ಮೂರನೇ ಕೇಬಲ್‌ನ ಕನೆಕ್ಟರ್ ತೇವಕ್ಕೆ ಹಸಿರುಗಟ್ಟಿತ್ತು. ಕಪಾಟಿನಿಂದ ಬೇರೆ ಕೇಬಲ್ ತೆಗೆದು ಸಿಕ್ಕಿಸಿದೆ. ವಿಎನ್‌ಎ ಅನ್ನುವ ಅಳೆಯುವ ಯಂತ್ರದಲ್ಲಿ ಎಸ್‌ಒನ್‌ಒನ್, ಅಂದರೆ ಆಂಟೆನಾದಿಂದ ವಾಪಸ್ ಬರುವ ಪಾಲು, ನೋಡಿದೆ. ನಾಲ್ಕೂ ಚೆನ್ನಾಗಿತ್ತು. ಆಂಟೆನಾಗೂ ಫ್ಯಾಂಟಮ್‌ಗೂ ನಡುವಿನ ನೀರಿನ ಚೀಲದಲ್ಲಿ (ಬೋಲಸ್) ಗಾಳಿಗುಳ್ಳೆ ಇರಲಿಲ್ಲ. ಸರಿ, ಪವರ್ ಕೊಟ್ಟೆವು.

ಒಂದೇ ನಿಮಿಷ. ಜಾಸ್ತಿ ಹೊತ್ತು ಬಿಟ್ಟರೆ ಶಾಖ ಹರಡಿ ಚಿತ್ರ ಕಲಸಿಹೋಗುತ್ತದೆ. ಆಫ್ ಮಾಡಿ, ಮೊದಲೇ ಹೋಳು ಮಾಡಿಟ್ಟ ಫ್ಯಾಂಟಮ್ ಬಿಡಿಸಿ, ಶಾಖ ತೋರಿಸುವ ಐಆರ್ ಕ್ಯಾಮೆರಾ ಕೆಳಗೆ ಇಟ್ಟೆ. ಕೈ ನಡುಗುತ್ತಿತ್ತು. ಬಿಸಿ ಕಲೆ ನಡುವಿನಲ್ಲಿ ಇರಲಿಲ್ಲ. ಒಂದೂವರೆ ಸೆಂಟಿಮೀಟರ್ ಮೂರನೇ ಆಂಟೆನಾ ಕಡೆಗೆ ಸರಿದಿತ್ತು. ಮತ್ತೆ ಮಾಡಿದರೂ ಅದೇ.

ಆ ರಾತ್ರಿಯೇ ಮೇಡಂಗೆ ಮೇಲ್ ಹಾಕಿದೆ: ‘ಪ್ಯಾಚ್ ಅರೇ ಫೋಕಸ್ ಹಿಡಿಯುವುದಿಲ್ಲ, ಕೈಬಿಡೋಣ.’

ಬೆಳಿಗ್ಗೆ ನಮ್ಮ ಹಿರಿಯ ಟೆಕ್ನಿಷಿಯನ್ ಪ್ರಿಂಟ್ ಹಿಡಿದು ನಿಂತಿದ್ದರು. ‘ಯಾವಾಗಲೂ ಮೂರನೇ ಕಡೆಗೇ ಯಾಕೆ ಹೋಗುತ್ತೆ ಸಾರ್? ಒಂದು ಮತ್ತು ಮೂರರ ಕೇಬಲ್ ಅದಲು ಬದಲು ಮಾಡಿ ನೋಡೋಣವಾ?’

ಸುಮ್ನೆ ಕೂತಿದ್ದೆ. ಅವರು ಬದಲಿಸಿದರು. ಮತ್ತೆ ಒಂದು ನಿಮಿಷ, ಮತ್ತೆ ಹೋಳು. ಕಲೆ ಒಂದನೇ ಆಂಟೆನಾ ಕಡೆಗೆ ಬಂದಿತ್ತು. ಕೇಬಲ್‌ನ ಹಿಂದೆಯೇ ಹೋಗಿತ್ತು.

ಟೇಪ್ ಹಿಡಿದೆವು. ನಾನು ಹಾಕಿದ್ದು ಉಳಿದ ಮೂರಕ್ಕಿಂತ 15 ಸೆಂಟಿಮೀಟರ್ ಹೆಚ್ಚು ಉದ್ದ. ಈ ಫ್ರೀಕ್ವೆನ್ಸಿಯಲ್ಲಿ ಕೇಬಲ್ ಒಳಗೆ ಒಂದು ಅಲೆಯ ಉದ್ದ ಸುಮಾರು 46 ಸೆಂಟಿಮೀಟರ್. ಒಂದು ಅಲೆ ಅಂದರೆ 360 ಡಿಗ್ರಿ, ಹಾಗಾಗಿ ಸುಮಾರು 120 ಡಿಗ್ರಿ ಫೇಸ್ ತಪ್ಪು, ಅಂದರೆ ಆ ಅಲೆ ಮೂರನೇ ಒಂದು ಪಾಲು ಹಿಂದೆ. ನಾಲ್ಕು ಅಲೆ ಒಂದೇ ಹೆಜ್ಜೆಯಲ್ಲಿ ನಡುವಿಗೆ ಬಂದರೆ, ಒಂದೇ ಆಂಟೆನಾಗೆ ಹೋಲಿಸಿದಾಗ, ಅಲ್ಲಿ ವಿದ್ಯುತ್ ಕ್ಷೇತ್ರ ನಾಲ್ಕು ಪಟ್ಟು, ಬಿಸಿ ಹದಿನಾರು ಪಟ್ಟು. ಒಂದು ತಡವಾದರೆ ಅವು ಸೇರುವ ಜಾಗವೇ ಅದರ ಕಡೆಗೆ ಸರಿಯುತ್ತದೆ. ಎಸ್‌ಒನ್‌ಒನ್ ಬರೀ ಎಷ್ಟು ಪವರ್ ವಾಪಸ್ ಬಂತು ಅಂತ ಹೇಳುತ್ತಿತ್ತು. ನಾನು ಅದೇ ಸಾಕು ಅಂದುಕೊಂಡೆ. ಡೈಪೋಲ್‌ನಲ್ಲಿ ಕಲೆ ಹೀಗೆ ಸರಿದಿದ್ದರೆ ಅಷ್ಟು ಬೇಗ ಮೇಲ್ ಹಾಕುತ್ತಿರಲಿಲ್ಲ, ಕೇಬಲ್ ಹುಡುಕುತ್ತಿದ್ದೆ. ನನಗೆ ಈಗಲೂ ಚುಚ್ಚುವುದು ಇದೇ.

ಸಮ ಉದ್ದದ ಕೇಬಲ್ ಹಾಕಿದ ಮೇಲೆ ಕಲೆ ನಡುವಿಗೆ ಬಂತು. ಮೇಡಂಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ‘ಒಳಗೆ ರೋಗಿ ಮಲಗಿದ್ದಾಗ ಹೋಳು ಮಾಡಿ ನೋಡೋಕಾಗಲ್ಲ, ಅಲ್ವಾ?’ ಅಂದರು ಅಷ್ಟೇ.

ಈಗ ಪ್ರತಿ ಕೇಬಲ್‌ಗೂ ಫೇಸ್ ಅಳೆದು ಚೀಟಿ ಅಂಟಿಸಿದ್ದೇವೆ. ಮಳೆಗೆ ಚೀಟಿ ಕಿತ್ತು ಬರುತ್ತದೆ, ಮತ್ತೆ ಅಂಟಿಸುತ್ತೇವೆ. ಫೇಸ್ ಮ್ಯಾಚ್ ಮಾಡಿದ ಒಂದು ಸೆಟ್ ಕೊಡಿಸಿ ಅಂತ ಹಾಕಿದ ಖರೀದಿ ಬೇಡಿಕೆ (ಇಂಡೆಂಟ್) ಆರು ತಿಂಗಳಿಂದ ಮೇಜಿನಿಂದ ಮೇಜಿಗೆ ತಿರುಗುತ್ತಿದೆ.