ಘಟ್ಟದ ಮೇಲೆ ನೀಹಾರಿಕೆ, ಗದ್ದೆಯಲ್ಲಿ ಕ್ಯಾಮೆರಾ

ಶಿರಸಿ–ಕುಮಟಾ ನಡುವಿನ ದೇವಿಮನೆ ಘಟ್ಟದ ನೆತ್ತಿಯ ಮೇಲೆ ಮಹಾವ್ಯಾಧನ (ಓರಿಯನ್) ನೀಹಾರಿಕೆ, ಅಂದರೆ ಆಕಾಶದಲ್ಲಿ ಹೊಳೆಯುವ ಅನಿಲ-ಧೂಳಿನ ಮೋಡ, ಏರುವುದನ್ನು ಕ್ಯಾಮೆರಾದಲ್ಲಿ ಹಿಡಿಯಬೇಕೆಂದು ಕುಮಟಾ ಕಡೆಯ ಘಟ್ಟದ ಬುಡದ ಊರಿಗೆ ಹೋದ ನಾನು ಮೊದಲ ರಾತ್ರಿಯನ್ನು ಪೂರ್ತಿ ಕಳೆದುಕೊಂಡೆ. ತಪ್ಪು ನನ್ನದೇ. ಘಟ್ಟ ಕಾಣುವ ಮೂಡು ದಿಕ್ಕನ್ನಷ್ಟೇ ನೋಡಿ ಜಾಗ ಹಿಡಿದಿದ್ದೆ. ಬಡಗು ನೆನಪಾಗಲೇ ಇಲ್ಲ.

ಆಕಾಶ ತಿರುಗುವ ವೇಗಕ್ಕೆ ಕ್ಯಾಮೆರಾವನ್ನೂ ತಿರುಗಿಸುವ ಟ್ರ್ಯಾಕರ್ ಬಳಸುವವರು ಮೊದಲು ಅದನ್ನು ಧ್ರುವ ನಕ್ಷತ್ರಕ್ಕೆ ಹೊಂದಿಸಬೇಕು. ಹಿಮಾಲಯದಲ್ಲಿ ತೆಗೆದವರ ವಿವರಣೆ ಓದಿ ಹೊರಟರೆ ಇಲ್ಲಿ ಮೋಸ ಹೋಗುತ್ತೀರಿ. ಅಲ್ಲಿ ಧ್ರುವ 30 ಡಿಗ್ರಿಗೂ ಮೇಲಿರುತ್ತದೆ. ನಮ್ಮಲ್ಲಿ ಹದಿನಾಲ್ಕೂವರೆ ಡಿಗ್ರಿ ಮಾತ್ರ, ಅಂದರೆ ಚಾಚಿದ ಕೈಯ ಒಂದೂವರೆ ಮುಷ್ಟಿ. 50 ಮೀಟರ್ ದೂರದಲ್ಲಿ 15 ಮೀಟರ್ ಎತ್ತರದ ಅಡಿಕೆ ಮರ ನಿಂತಿದ್ದರೂ ಸಾಕು, ಧ್ರುವ ಮರೆಯಾಗುತ್ತದೆ. ನನ್ನ ಬಡಗು ದಿಕ್ಕಿಗೆ ಇಡೀ ತೋಟವೇ ಇತ್ತು.

ಉಳಿದುಕೊಂಡಿದ್ದ ಮನೆಯ ಯಜಮಾನರು ಬೆಳಗ್ಗೆ ತೆಳ್ಳೇವಿಗೆ (ತೆಳು ದೋಸೆಗೆ) ಜೋನಿಬೆಲ್ಲ ಬಡಿಸುತ್ತ ನನ್ನ ಪಾಡು ಕೇಳಿಸಿಕೊಂಡರು. "ತಮಾ, ಬಡಗು ಬೇಕಾದರೆ ಗದ್ದೆಬಯಲಿಗೆ ಹೋಗು. ಕೊಯ್ಲು ಮುಗಿದಿದೆ, ಯಾರೂ ಬೈಯುವುದಿಲ್ಲ" ಎಂದರು. ಕಾಡುಹಂದಿ ತಡೆಯಲು ಬೇಲಿಗೆ ವಿದ್ಯುತ್ ಹರಿಸಿದ್ದಾರೆಯೇ ಎಂಬುದನ್ನೂ ಅವರಿಂದಲೇ ತಿಳಿದುಕೊಂಡೆ. ನೀವೂ ಹಗಲಲ್ಲೇ ಕೇಳಿ, ಹಗಲಲ್ಲೇ ನಡೆದು ನೋಡಿ. ಅನುಮತಿಯಿಲ್ಲದೆ ರಾತ್ರಿ ಕಾಡಿನೊಳಗೆ ಹೋಗುವ ಆಸೆ ಬೇಡ.

ದೀಪಾವಳಿಯ ಮುಂದಿನ ಅಮಾವಾಸ್ಯೆಯ ಆಸುಪಾಸು ಇದಕ್ಕೆ ಹೇಳಿ ಮಾಡಿಸಿದ ಕಾಲ. ಮಳೆ ಹೋಗಿರುತ್ತದೆ, ಗದ್ದೆ ಖಾಲಿಯಾಗುತ್ತಿರುತ್ತದೆ. ನವೆಂಬರ್ ಕೊನೆಗೆ ನೀಹಾರಿಕೆ ರಾತ್ರಿ ಸುಮಾರು 8ಕ್ಕೆ ಮೂಡುತ್ತದೆ; ಘಟ್ಟ ದಾಟಿ ಕಾಣಿಸಿಕೊಳ್ಳಲು ಇನ್ನೂ ಅರ್ಧ ಗಂಟೆ. ದಿನಕ್ಕೆ 4 ನಿಮಿಷದಂತೆ ಬೇಗ ಮೂಡುವುದರಿಂದ ಜನವರಿಯಲ್ಲಿ ಹೋದರೆ ಕತ್ತಲಾಗುವಷ್ಟರಲ್ಲಿ ಅದು ನೆತ್ತಿಯ ಕಡೆ ಹೊರಟಿರುತ್ತದೆ. ಆಗ ನಡುರಾತ್ರಿ ದಾಟಿದ ಮೇಲೆ ಕಡಲ ಕಡೆ ಇಳಿಯುವಾಗ ಹಿಡಿಯಬಹುದು, ಆದರೆ ಅಲ್ಲಿ ಬೆಟ್ಟವಿಲ್ಲ, ದೋಣಿಗಳ ದೀಪವಿದೆ.

ಎರಡನೆಯ ರಾತ್ರಿ ಗದ್ದೆಯ ಮಣ್ಣು ಇನ್ನೂ ಹಸಿಯಾಗಿತ್ತು. ಟ್ರೈಪಾಡಿನ ಒಂದು ಕಾಲು ಕೂಳೆಗಳ ನಡುವೆ ಕೂದಲೆಳೆಯಷ್ಟು ಕುಸಿದರೂ ನಕ್ಷತ್ರಗಳು ಗೆರೆಯಾಗುತ್ತವೆ. ಬದುವಿನ ಪಕ್ಕ ಬಿದ್ದಿದ್ದ ಚಿರೆಕಲ್ಲಿನ ಮೂರು ತುಂಡುಗಳನ್ನು ಕಾಲುಗಳಡಿ ಇಟ್ಟು ಒತ್ತಿದೆ. ಮತ್ತೆ ಅಲುಗಲಿಲ್ಲ. ಟ್ರ್ಯಾಕರ್ ನಿಲ್ಲಿಸಿ ಮೊದಲು ಘಟ್ಟದ ಚಿತ್ರ ತೆಗೆದೆ. ಆಮೇಲೆ ಟ್ರ್ಯಾಕರ್ ಓಡಿಸಿ ನೀಹಾರಿಕೆಯದು: 85 ಮಿಮೀ ಲೆನ್ಸ್, ಎಫ್ 2.8, ಐಎಸ್ಒ 1600ರಲ್ಲಿ ಒಂದೊಂದು ನಿಮಿಷದ 30 ಚಿತ್ರ. ಟ್ರ್ಯಾಕರ್ ಇಲ್ಲದವರು ಇದೇ ಲೆನ್ಸಿನಲ್ಲಿ 6 ಸೆಕೆಂಡ್ ದಾಟಬೇಡಿ. ಘಟ್ಟವನ್ನೂ ನೀಹಾರಿಕೆಯನ್ನೂ ಕಂಪ್ಯೂಟರಿನಲ್ಲಿ ಜೋಡಿಸಿದೆ. ಜೋಡಿಸುವುದು ತಪ್ಪಲ್ಲ, ಆದರೆ ಹುಣ್ಣಿಮೆ ಚಂದ್ರನ ಎರಡು ಪಟ್ಟಷ್ಟೇ ಅಗಲ ಕಾಣುವ ನೀಹಾರಿಕೆಯನ್ನು ಬೆಟ್ಟದಷ್ಟು ಹಿಗ್ಗಿಸಿ ಅಂಟಿಸುವವರನ್ನು ಕಂಡರೆ ನನಗೆ ಆಗದು.

ಅದರ ಕೆಂಪು ಹೈಡ್ರೋಜನ್ ಬೆಳಕನ್ನು ಮಾಮೂಲಿ ಕ್ಯಾಮೆರಾದ ಒಳಗಿನ ಫಿಲ್ಟರ್ ಬಹಳಷ್ಟು ತಡೆಯುತ್ತದೆ. ಆದರೂ ಮಹಾವ್ಯಾಧನದು ಪ್ರಖರ ನೀಹಾರಿಕೆ, ಬಣ್ಣ ಬಂದೇ ಬರುತ್ತದೆ. ಸುಮಾರು 1,350 ಜ್ಯೋತಿರ್ವರ್ಷ ದೂರ. ಬಾದಾಮಿ ಚಾಲುಕ್ಯರ ಕಾಲದಲ್ಲಿ ಹೊರಟ ಬೆಳಕು ಅದು.

ಒಂಬತ್ತೂವರೆಗೆ ಲೆನ್ಸಿನ ಮೇಲೆ ಇಬ್ಬನಿ ಕೂತಿತು. ಬಟ್ಟೆಯಲ್ಲಿ ಒರೆಸಿದರೆ ಫೋಕಸ್ ಕದಲುತ್ತದೆ. ಪವರ್ ಬ್ಯಾಂಕಿಗೆ ಸಿಕ್ಕಿಸುವ ಬಿಸಿಪಟ್ಟಿಯನ್ನು ಮೊದಲೇ ಸುತ್ತಿಡಿ. ಕುಮಟಾಕ್ಕೆ ರೈಲಿದೆ, ಶಿರಸಿಯಿಂದ ಇಳಿಯುವವರು ಘಟ್ಟದ ರಸ್ತೆ ತೆರೆದಿದೆಯೇ ಎಂದು ಹೊರಡುವ ಮುನ್ನ ವಿಚಾರಿಸಿ.

ನಾನು ಮರಳಿದಾಗ ಯಜಮಾನರು ಎದ್ದೇ ಇದ್ದರು. ನನಗೋಸ್ಕರ ಅಂಗಳದ ದೀಪ ಆರಿಸಿ ಕತ್ತಲಲ್ಲೇ ಕೂತಿದ್ದರು. ಕ್ಯಾಮೆರಾದ ಪರದೆಯನ್ನು ಹತ್ತಿರ ಹಿಡಿದು ನೋಡಿ, "ಘಟ್ಟ ಚೆನ್ನಾಗಿ ಬಂದಿದೆ" ಎಂದರು.