ಶಿಫ್ಟ್ ಕೀ ತಮ್ಮನದು

ಮನೆಯಲ್ಲಿ ಇದ್ದದ್ದು ಒಂದೇ ಕಂಪ್ಯೂಟರ್, ಆಡುವವರು ಇಬ್ಬರು. ಹೀಗಾಗಿ ‘ಪ್ರಿನ್ಸ್ ಆಫ್ ಪರ್ಷಿಯಾ’ ಆಟದ ರಾಜಕುಮಾರನನ್ನು ನಾನೂ ತಮ್ಮನೂ ಪಾಲು ಮಾಡಿಕೊಂಡಿದ್ದೆವು. ಓಡಿಸುವ, ಹಾರಿಸುವ, ಬಗ್ಗಿಸುವ ಬಾಣದ ಕೀಗಳು ನನ್ನವು; ಶಿಫ್ಟ್ ಅವನದು. ಆ ಆಟ ಆಡಿದವರಿಗೆ ಈ ಏರ್ಪಾಡಿನ ಅಪಾಯ ಗೊತ್ತಿರುತ್ತದೆ. ಕಂದಕ ದಾಟಲು ಹಾರಿದ ರಾಜಕುಮಾರ ಆಚೆಯ ಅಂಚಿಗೆ ಜೋತು ಬೀಳಬೇಕಾದರೆ ಶಿಫ್ಟ್ ಒತ್ತಿ ಹಿಡಿದಿರಬೇಕು. ಕತ್ತಿ ಬೀಸುವುದಕ್ಕೂ ಅದೇ ಕೀ. ಅಂದರೆ ಹಾರಿಸುವವಳು ನಾನು, ಹಿಡಿಯುವವನು ಅವನು. ಅವನ ಬೆರಳು ಅರೆಕ್ಷಣ ತಡವಾಯಿತೋ, ರಾಜಕುಮಾರ ಕೆಳಗಿನ ಈಟಿಗಳ ಮೇಲೆ. ‘ಹಿಡಿ ಎಂದೆನಲ್ಲ!’ ‘ನೀನು ಬೇಗ ಹಾರಿಸಿದೆ ಅಕ್ಕಾ!’ ಈ ವ್ಯಾಜ್ಯ ಇನ್ನೂ ಇತ್ಯರ್ಥವಾಗಿಲ್ಲ.

ತಮ್ಮ ಈಗ ಸರ್ವರ್‌ಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾನೆ. ಫೋನಿನಲ್ಲಿ ಮನೆಯ ಸಮಾಚಾರ ಎರಡು ನಿಮಿಷದಲ್ಲಿ ಮುಗಿಯುತ್ತದೆ, ಆಟಗಳ ಸುದ್ದಿ ಮುಗಿಯುವುದಿಲ್ಲ. ಈಚೆಗೆ ನಾವು ಹೆಚ್ಚು ಜಗಳವಾಡಿದ್ದು ‘ದಿ ಕ್ರೂ’ ಬಗ್ಗೆ. 2014ರಲ್ಲಿ ಬಂದ ಕಾರ್ ರೇಸಿನ ಆಟ ಅದು. ಒಬ್ಬರೇ ಕೂತು ಆಡುವುದಕ್ಕೂ ಕಂಪನಿಯ ಸರ್ವರ್‌ನ ಸಂಪರ್ಕ ಬೇಕಿತ್ತು. 2024ರ ಮಾರ್ಚ್ 31ರಂದು ಆಟದ ಕಂಪನಿ ಯೂಬಿಸಾಫ್ಟ್ ಆ ಸರ್ವರ್‌ಗಳನ್ನು ಮುಚ್ಚಿತು, ಆಟವೂ ಅಲ್ಲಿಗೆ ನಿಂತಿತು. ಡಿಸ್ಕ್ ಕೊಂಡವರ ಕಪಾಟಿನಲ್ಲಿ ಡಿಸ್ಕ್ ಇದೆ, ಆಡಲು ಏನೂ ಇಲ್ಲ. ಇದೇ ಸಿಟ್ಟಿನಿಂದ ಹುಟ್ಟಿದ್ದು ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿ. ಯುರೋಪಿಯನ್ ಒಕ್ಕೂಟಕ್ಕೆ ಸಲ್ಲಿಸಲು ಅದು ಸಂಗ್ರಹಿಸಿದ ಸಹಿಗಳು 2025ರ ಜುಲೈನಲ್ಲಿ 10 ಲಕ್ಷ ದಾಟಿದವು.

‘ಸರ್ವರ್ ಪುಕ್ಕಟೆ ಓಡುತ್ತದೆಯೇ?’ ಎಂಬುದು ತಮ್ಮನ ಮೊದಲ ಮಾತು. ಹತ್ತು ಜನ ಆಡುವ ಆಟಕ್ಕಾಗಿ ರಾತ್ರಿ ಎದ್ದು ರಿಪೇರಿ ಮಾಡುವವನ ಪಾಡು ಅವನಿಗೆ ಗೊತ್ತು. ಕಾರಿನ ಕಂಪನಿಗಳೊಂದಿಗೆ, ಸಂಗೀತದವರೊಂದಿಗೆ ಮಾಡಿಕೊಂಡ ಒಪ್ಪಂದಗಳಿಗೂ ಕೊನೆಯ ದಿನ ಎಂಬುದೊಂದು ಇರುತ್ತದೆ ಎಂದೂ ಸೇರಿಸಿದ. ಒಪ್ಪಿದೆ. ಸರ್ವರ್ ಸದಾಕಾಲ ಓಡಿಸಿ ಎಂದು ಆ ಚಳವಳಿಯವರೂ ಕೇಳುತ್ತಿಲ್ಲ. ಬಾಗಿಲು ಮುಚ್ಚುವ ಮೊದಲು, ಕೊಂಡವರು ಹೇಗಾದರೂ ಆಡಿಕೊಳ್ಳುವಂತೆ ಬಿಟ್ಟು ಹೋಗಿ ಎನ್ನುತ್ತಿದ್ದಾರೆ. ಇನ್ನು ‘ಕಾಂಕಾರ್ಡ್’ ಎಂಬ ಆಟದ ತರಹದ ಪ್ರಕರಣವೇ ಬೇರೆ. 2024ರ ಆಗಸ್ಟ್ 23ಕ್ಕೆ ಬಂದು ಸೆಪ್ಟೆಂಬರ್ 6ಕ್ಕೆ ಕಣ್ಣು ಮುಚ್ಚಿದ ಕೂಸು ಅದು. ಅದನ್ನು ಹೊರತಂದ ಸೋನಿ ಕೊಂಡವರಿಗೆ ಹಣ ಹಿಂದಿರುಗಿಸಿತು, ಲೆಕ್ಕ ಚುಕ್ತಾ.

ಆಗ ತಮ್ಮ ತನ್ನ ದೊಡ್ಡ ಅಸ್ತ್ರ ತೆಗೆದ. ‘ಹಳೆಯ ಆಟಗಳಿಗೆ ಬೀಗ ಇರಲಿಲ್ಲವೇ? ಆ ಬಾಟಲಿಗಳ ಕೋಣೆ ಮರೆತುಹೋಯಿತೇ?’

ಮರೆಯುವುದುಂಟೇ? ಡಾಸ್ ಎಂಬ ಹಳೆಯ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಓಡುವ ‘ಪ್ರಿನ್ಸ್’ನಲ್ಲಿ ಮೊದಲ ಹಂತ ಮುಗಿದ ಕೂಡಲೇ ಒಂದು ಕೋಣೆ ಬರುತ್ತಿತ್ತು. ಸಾಲಾಗಿ ಬಾಟಲಿಗಳು, ಒಂದೊಂದರ ಮೇಲೂ ಒಂದು ಅಕ್ಷರ. ಕೈಪಿಡಿಯ ಇಷ್ಟನೆಯ ಪುಟದ ಇಷ್ಟನೆಯ ಸಾಲಿನ ಇಷ್ಟನೆಯ ಪದದ ಮೊದಲ ಅಕ್ಷರ ಯಾವುದೋ, ಆ ಬಾಟಲಿ ಕುಡಿ ಎಂಬ ಅಪ್ಪಣೆ. ನಮ್ಮಲ್ಲಿ ಫ್ಲಾಪಿ ಇತ್ತು, ಕೈಪಿಡಿ ಇರಲಿಲ್ಲ. ಫ್ಲಾಪಿ ಎಲ್ಲಿಂದ ಬಂತೆಂದು ಕೇಳಬೇಡಿ. ಊಹಿಸಿ ಕುಡಿಯುವುದು, ಸಾಯುವುದು, ಮತ್ತೆ ಊಹಿಸುವುದು. ತಮ್ಮ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಪುಟ, ಸಾಲು, ಪದ, ಅಕ್ಷರ ಎಂದು ನಾಲ್ಕು ಕಾಲಂ ಎಳೆದು, ಗೆದ್ದ ಊಹೆಗಳನ್ನೆಲ್ಲ ಬರೆದಿಡುತ್ತಿದ್ದ. ನಾವು ಎಂದೂ ಕಾಣದ ಪುಸ್ತಕವೊಂದು ಆ ಹಾಳೆಯಲ್ಲಿ ಅಕ್ಷರ ಅಕ್ಷರವಾಗಿ ಮೂಡುತ್ತಿತ್ತು. ಅವನು ಬದುಕಿನಲ್ಲಿ ತಯಾರಿಸಿದ ಮೊದಲ ಡೇಟಾಬೇಸ್ ಅದೇ ಎಂದು ನನ್ನ ಅಂಬೋಣ.

ಬೀಗ ಇತ್ತು, ಸರಿ. ಆದರೆ ಅದರ ಕೀಲಿಕೈ ಕೊಂಡವನ ಮನೆಯಲ್ಲೇ ಇರುತ್ತಿತ್ತು, ಕೈಪಿಡಿಯ ರೂಪದಲ್ಲಿ. ಕಂಪನಿ ಮುಳುಗಿದರೂ ಆ ಪುಸ್ತಕ ಮನೆಬಿಟ್ಟು ಹೋಗುವುದಿಲ್ಲ. ಈಗಿನ ಕೀಲಿಕೈ ಮಾರಿದವನ ಜೇಬಿನಲ್ಲಿದೆ. ಇಷ್ಟು ಹೇಳಿದ್ದಕ್ಕೆ ತಮ್ಮ ‘ಹ್ಞೂಂ’ ಎಂದ. ಅವನಿಂದ ಅಷ್ಟು ಬಂದರೆ ಸನ್ಮಾನ ಮಾಡಿದಂತೆ.

ಹಾಗೆಂದು ಹಳೆಯದೆಲ್ಲ ಭದ್ರವಾಗಿದೆ ಎಂದೇನೂ ಅಲ್ಲ. 2010ಕ್ಕೆ ಮೊದಲು ಅಮೆರಿಕದಲ್ಲಿ ಬಿಡುಗಡೆಯಾದ ಆಟಗಳಲ್ಲಿ 87 ಶೇಕಡಾ ಇಂದು ಮಾರಾಟಕ್ಕೇ ಸಿಗುವುದಿಲ್ಲ ಎಂದು ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಕೊಟ್ಟಿತು. ‘ಪ್ರಿನ್ಸ್’ನ ಕತೆಯೂ ಅಷ್ಟರಲ್ಲೇ ತಪ್ಪಿದ್ದು. ಜೋರ್ಡನ್ ಮೆಕ್ನರ್ 1989ರಲ್ಲಿ ಆಪಲ್ II ಯಂತ್ರಕ್ಕೆ ಬರೆದ ಮೂಲ ಕೋಡ್ ಎಷ್ಟೋ ವರ್ಷ ಅವರಿಗೇ ಸಿಕ್ಕಿರಲಿಲ್ಲ. 2012ರಲ್ಲಿ ಅವರ ತಂದೆ ಹಳೆಯ ಪೆಟ್ಟಿಗೆಯೊಂದನ್ನು ಕಳುಹಿಸಿದರು, ಅದರಲ್ಲಿ ಫ್ಲಾಪಿಗಳಿದ್ದವು. ಇಂದು ಆ ಕೋಡ್ ಯಾರು ಬೇಕಾದರೂ ಓದಬಹುದಾದಂತೆ ಅಂತರಜಾಲದಲ್ಲಿದೆ. ರಾಜಕುಮಾರನ ಓಟ, ಜಿಗಿತಗಳಿಗೆಂದು ಮೆಕ್ನರ್ ವಿಡಿಯೊ ತೆಗೆದದ್ದು ತಮ್ಮ ಸ್ವಂತ ತಮ್ಮನನ್ನು ಓಡಿಸಿ, ಹಾರಿಸಿ. ಇದನ್ನು ಹೇಳಿದಾಗ ನನ್ನ ತಮ್ಮ, ‘ಪಾಪ, ಅವನಿಗೂ ಅದೇ ಗತಿಯೇ’ ಎಂದ.

ಕಳೆದ ರಜೆಯಲ್ಲಿ ಅವನು ಮನೆಗೆ ಬಂದಾಗ ಹಳೆಯ ಡಾಸ್ ಆಟಗಳನ್ನು ಈಗಿನ ಕಂಪ್ಯೂಟರಿನಲ್ಲಿ ಓಡಿಸುವ ಡಾಸ್‌ಬಾಕ್ಸ್ ಹಾಕಿ ಕೂತೆವು. ಯಾರೂ ಹೇಳದೆ ಅವನ ಕೈ ಶಿಫ್ಟ್ ಮೇಲೆ ಹೋಯಿತು. ಹನ್ನೆರಡನೆಯ ಹಂತಕ್ಕೆ ಬರುವಷ್ಟರಲ್ಲಿ ಕೊಟ್ಟ ಅರುವತ್ತು ನಿಮಿಷದಲ್ಲಿ ಎಂಟು ಉಳಿದಿದ್ದವು. ಎದುರಿಗೆ ನೆರಳು ನಿಂತಿತ್ತು. ನಾಲ್ಕನೆಯ ಹಂತದಲ್ಲಿ ಕನ್ನಡಿಯೊಳಗಿಂದ ಹಾರಿದಾಗ ನಮ್ಮಿಂದಲೇ ಬೇರೆಯಾದವನು ಇವನು. ಐದರಲ್ಲಿ ನಮಗೆ ಸೇರಬೇಕಾದ ಔಷಧ ಕುಡಿದು ಓಡಿದ್ದ. ಹೊಸ ಶತ್ರುವಿನ ಚಿತ್ರಗಳಿಗೆ ಯಂತ್ರದಲ್ಲಿ ಜಾಗ ಸಾಲದೆ, ರಾಜಕುಮಾರನ ಚಿತ್ರಗಳನ್ನೇ ಬೇರೆ ರೀತಿಯಲ್ಲಿ ತೋರಿಸಿ ಮೆಕ್ನರ್ ಸೃಷ್ಟಿಸಿದ ಪಾತ್ರ. ಅವನಿಗೆ ಹೊಡೆದ ಪ್ರತಿ ಏಟೂ ನಮ್ಮ ಜೀವವನ್ನೇ ಕೊರೆಯುತ್ತದೆ.

ಅಷ್ಟು ಗೊತ್ತಿದ್ದೂ ತಮ್ಮ ಶಿಫ್ಟ್ ಒತ್ತಿಬಿಟ್ಟ. ಒಂದು ಜೀವ ಹೋಯಿತು. ಮತ್ತೆ ಒತ್ತಿದ, ಇನ್ನೊಂದು.

‘ಕೈ ತೆಗೆಯೋ’ ಎಂದೆ. ತೆಗೆದ. ನಾನು ಕೆಳಬಾಣ ಒತ್ತಿದೆ, ಕತ್ತಿ ಒರೆ ಸೇರಿತು. ನೆರಳೂ ಕತ್ತಿ ಒಳಗಿಟ್ಟಿತು. ಎದುರಾಬದುರಾ ಓಡಿಬಂದು ಇಬ್ಬರೂ ಒಂದಾದರು. ಮುಂದೆ ಹಾದಿಯೇ ಇಲ್ಲದ ಬಯಲು. ಅಲ್ಲಿ ಧೈರ್ಯವಾಗಿ ಓಡಿದರೆ ಕಾಲ ಕೆಳಗೆ ಒಂದೊಂದೇ ಕಲ್ಲು ಮೂಡುತ್ತದೆ.

‘ಹಿಡಿಯಲೇ?’ ಎಂದು ಕೇಳಿದ, ಬೆರಳು ಮತ್ತೆ ಶಿಫ್ಟ್ ಮೇಲೆ.

‘ಬೇಡ, ಸುಮ್ಮನೆ ನೋಡು’ ಎಂದು ಓಡಿಸಿದೆ.